‘ಪ್ಲಾಸ್ಟರ್‌ನ್ಯಾಗ ಮುಚ್ಚಿ ಹೋಗ್ತೈತ್ರಿ’: ಗವಂಡಿ ಜೋಕಿನ ಹಿಂದಿನ ಲೆಕ್ಕಾ

ಇಂಡಿ ಕಡೆ ತ್ವಾಟಕ್ಕ ಕಂಪೌಂಡ್ ಕಟ್ಟಸಾಕ ಹೊಂಟ ಅಣ್ಣಾರು ಕೇಳಿದ್ದು ಮೂರ ಮಾತು. 100 ಫೂಟ್ ಉದ್ದ, 5 ಫೂಟ್ ಎತ್ತರ, 9 ಇಂಚಿನ ಗ್ವಾಡಿಗೆ ಇಟ್ಟಂಗಿ, ಸಿಮೆಂಟ್ ಎಷ್ಟು? ಎರಿ (ಕರಿ ಮಣ್ಣಿನ) ನೆಲದಾಗ ಪಾಯಾ ಹೆಂಗ ತಗೀಬೇಕು? ಏನ ಕೇಳಿದ್ರೂ ಗವಂಡಿ "ಪ್ಲಾಸ್ಟರ್‌ನ್ಯಾಗ ಮುಚ್ಚಿ ಹೋಗ್ತೈತ್ರಿ" ಅಂತಾನ, ನಂಬಬೇಕೋ ಬ್ಯಾಡೋ? ಇದಕ್ಕ ಉತ್ತರಾ ಕೊಡೂದು ಬಿಟ್ಟು ಅವರ ಪೋಸ್ಟಿನ ಕೆಳಗ ಎಲ್ಲಾರೂ ಗವಂಡಿ ಜೋಕ್ ಹಾಕ್ಕೋತ ಕುಂತಾರ. ಇರ್ಲಿ, ಜೋಕಿನ್ಯಾಗೂ ಕೆಲಸದ ಮಾತು ಐತಿ. ಗವಂಡಿ ಮ್ಯಾಲ ಹುಟ್ಟಿದ ಜೋಕ್ ಸುಮ್ಮಸುಮ್ಮನ ಹುಟ್ಟಿರಂಗಿಲ್ಲ, ಗ್ವಾಡ್ಯಾಗ ಎಲ್ಲೋ ಒಂದ್ಕಡೆ ಆ ತಪ್ಪು ಇದ್ದ ಇರ್ತೈತಿ. ಅದಕ್ಕ ನೀವು ಹಾಕಿದ ಜೋಕುಗಳನ್ನ ಹಿಡಕೊಂಡ ಬರೀತೇನಿ.

ಮೊದಲ್ನೇದು, "ಇಟ್ಟಂಗಿ ಕಡಿಮಿ ಬಿದ್ವು ಸಾವ್ಕಾರ, ಇನ್ನೊಂದು ಟ್ರ್ಯಾಕ್ಟರ್ ಬೇಕು. ಗವಂಡಿ ಇಟ್ಟಂಗಿ ತಿಂತಾನೇನ?" ಅನ್ನೂದು. ತಿನ್ನಂಗಿಲ್ಲ. ಭಟ್ಟಿಯವನ ಅಚ್ಚು ಸಣ್ಣಾಗಿರ್ತೈತಿ. ಬಾಯಿಲೆ 9 ಇಂಚು ಅಂದ್ರೂ ಕೈಗೆ ಬರೂದು ಎಂಟೂವರಿ. 20 ಇಟ್ಟಂಗಿ ಉದ್ದಕ ಒಂದಕ್ಕೊಂದು ಹಚ್ಚಿ ಸಾಲಾಗಿ ಇಟ್ಟು ಟೇಪ್ ಹಿಡೀರಿ. 15 ಫೂಟ್ ಬಂದ್ರ ಖರೇ 9 ಇಂಚು. 14 ಫೂಟ್ 2 ಇಂಚು ಬಂದ್ರ ಎಂಟೂವರಿ. ಒಂದ ಇಟ್ಟಂಗಿ ಅಳದ್ರ ಏನೂ ಗೊತ್ತಾಗಂಗಿಲ್ಲ, ಯಾಕಂದ್ರ ಅಳಿಯಾಕ ಕೊಡೂ ಇಟ್ಟಂಗಿ ಯಾವತ್ತೂ ಚಲೋನ ಇರ್ತೈತಿ.

230×110×70 ಮಿ.ಮೀ. ಇಟ್ಟಂಗಿ, 10 ಮಿ.ಮೀ. ಸಂದಿ ಹಿಡದ್ರ 9 ಇಂಚಿನ ಗ್ವಾಡಿಗೆ ಒಂದು ಚೌರಸ ಫೂಟಿಗೆ ಹತ್ತರ ಹತ್ರ ಇಟ್ಟಂಗಿ ಬೇಕು. ನಿಮ್ಮದು 500 ಚೌರಸ ಫೂಟ್, ಅಂದ್ರ 5,000. ಹತ್ತ ಫೂಟಿಗೊಂದು 14 ಇಂಚಿನ ಕಂಬಾ ಎತ್ತಿದ್ರ (ಎತ್ತಾಕ ಬೇಕು, ಬಯಲ ಹೊಲದಾಗ ಗಾಳಿಗೆ ಕಂಬಿಲ್ಲದ ಗ್ವಾಡಿ ನಿಲ್ಲಂಗಿಲ್ಲ) 11 ಕಂಬಕ್ಕ ಇನ್ನೊಂದು 330. ಒಡದದ್ದು, ಮುರದದ್ದು ನೂರಕ್ಕ 5. ಒಟ್ಟು 5,600 ಹೇಳ್ರಿ. ಎಂಟೂವರಿ ಇಂಚಿನ ಸಣ್ಣ ಇಟ್ಟಂಗಿ ಆದ್ರ ಚೌರಸ ಫೂಟಿಗೆ 11 ದಾಟ್ತಾವು, ಗ್ವಾಡಿನೂ ತೆಳ್ಳಗಾಗ್ತೈತಿ. ಅಲ್ಲೇ 500ರ ಮ್ಯಾಲ ಫರಕ ಬಿತ್ತು ನೋಡ್ರಿ. ಇಷ್ಟಕ್ಕ ಗವಂಡಿ ಮ್ಯಾಲ ಸಂಶೇ ಪಡೂದು.

1:6 ಮಾಲಿಗೆ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು ಕಲಸಿದ್ದು) 100 ಘನ ಫೂಟ್ ಕಟ್ಟಡಕ್ಕ 4 ಚೀಲ ಸಿಮೆಂಟ್, 30 ಘನ ಫೂಟ್ ಉಸುಕು ಲೆಕ್ಕಾ. ಕಂಬಾ ಹಿಡದು ನಿಮ್ಮದು 400 ಘನ ಫೂಟ್. ಅಂದ್ರ 16 ಚೀಲ, ಒಂದ ಬ್ರಾಸ್ ಮತ್ತ ಕಾಲ ಉಸುಕು. ಇದು ಪಾಯಾ, ಪ್ಲಾಸ್ಟರ್ ಬಿಟ್ಟು. ಒಂದು ಬ್ರಾಸ್ ಅಂದ್ರ 100 ಘನ ಫೂಟ್ ಅನ್ನೂದು ಎಲ್ಲಾರಿಗೂ ಗೊತ್ತೈತಿ, ಆದ್ರ ಟ್ರ್ಯಾಲಿ ಅಳಿಯಾವ್ರು ಯಾರೂ ಇಲ್ಲ. ಒಳಗಿನ ಉದ್ದ, ಅಗಲ, ಎತ್ತರ ಗುಣಿಸ್ರಿ. ನಡುವ ಗುಡ್ಡಾ ಎದ್ದದ್ದನ್ನ ನೋಡಿ ಖುಷಿ ಪಡಬ್ಯಾಡ್ರಿ, ನಾಕೂ ಮೂಲಿ ಖಾಲಿ ಇರ್ತಾವು.

ಇನ್ನ 1:6 ಅನ್ನೂದ ಒಂದು ಜೋಕ್. ಬಾಯಾಗ ಒಂದಕ್ಕ ಆರು, ಬುಟ್ಟ್ಯಾಗ ಒಂದಕ್ಕ ಒಂಬತ್ತು. ಸಿಮೆಂಟ್ ಬುಟ್ಟಿ ಸಪಾಟ್ ಇರ್ತೈತಿ, ಉಸುಕಿನ ಬುಟ್ಟಿ ಗೋಪುರಾ ಆಗಿರ್ತೈತಿ. ಇದಕ್ಕ ಮದ್ದು ಫರಮಾ. ಒಂದು ಚೀಲ ಸಿಮೆಂಟ್ 50 ಕೆ.ಜಿ., ಅಂದ್ರ 35 ಲೀಟರ್. 40×35×25 ಸೆಂ.ಮೀ. ಒಳಅಳತಿಯ ತಳ ಇಲ್ಲದ ಕಟ್ಟಗಿ ಪೆಟ್ಟಿಗಿ ಮಾಡಸ್ರಿ, ಬರೋಬ್ಬರಿ 35 ಲೀಟರ್ ಹಿಡಿತೈತಿ. ಆರು ಫರಮಾ ಉಸುಕು ಸಪಾಟ್ ಎಳದು, ಅದರ ಮ್ಯಾಲ ಒಂದು ಚೀಲ ಒಡೀರಿ. ಬಣ್ಣ ಒಂದ ಆಗೂತನಕ ಒಣದ ಕಲಸಬೇಕು, ಆಮ್ಯಾಲ ನೀರು. ಹಸಿ ಉಸುಕು ನೂರಕ್ಕ 20-30 ಉಬ್ಬಿರ್ತೈತಿ ಅನ್ನೂದೂ ಲಕ್ಷ್ಯದಾಗ ಇರ್ಲಿ.

ಈಗ ದೊಡ್ಡ ಜೋಕಿಗೆ ಬರೂಣು. "ಪ್ಲಾಸ್ಟರ್‌ನ್ಯಾಗ ಮುಚ್ಚಿ ಹೋಗ್ತೈತಿ." ಈ ಮಾತು ಸುಳ್ಳಲ್ಲ, ಮುಚ್ಚಿ ಹೋಗೂದು ಖರೇ. ಮುಚ್ಚಾಕ ಎಷ್ಟು ಬೀಳ್ತೈತಿ ಅನ್ನೂದನ್ನ ಅಷ್ಟ ಹೇಳಂಗಿಲ್ಲ. ಗ್ವಾಡಿ ಒಂದ್ಕಡೆ ಸರಿ ಇದ್ದು ಇನ್ನೊಂದ್ಕಡೆ 2 ಇಂಚು ಒಳಗ ಹೋಗೇತಿ ಅಂತ ಇಟ್ಕೋರಿ. ಸರಾಸರಿ 1 ಇಂಚು ಜಾಸ್ತಿ ತುಂಬಬೇಕು. 500 ಚೌರಸ ಫೂಟಿಗೆ ಆ ಒಂದ ಇಂಚು ತುಂಬಾಕ 1:6 ಮಾಲಿನ್ಯಾಗ 6 ಚೀಲ ಸಿಮೆಂಟ್, ಅರ್ಧ ಬ್ರಾಸಿನ ಹತ್ರ ಉಸುಕು ಹೋಗ್ತೈತಿ. ಇಡೀ ಗ್ವಾಡಿ ಕಟ್ಟಾಕ 16 ಚೀಲ, ಸೊಟ್ಟ ಮುಚ್ಚಾಕ 6 ಚೀಲ, ಅದೂ ಒಂದ ಬಾಜೂಕ್ಕ. ಮ್ಯಾಲ ದಪ್ಪ ಪ್ಲಾಸ್ಟರ್ ನಿಲ್ಲಂಗಿಲ್ಲ. ಒಂದ ಏಟಿಗೆ 15 ಮಿ.ಮೀ.ಗಿಂತ ಜಾಸ್ತಿ ಹೊಡದ್ರ ತನ್ನ ಭಾರಕ್ಕ ಜೋತು ಬೀಳ್ತೈತಿ, ಒಣಗಿದ ಮ್ಯಾಲ ಬಡದ್ರ ಟೊಳ್ಳ ಸಪ್ಪಳ ಕೊಡ್ತೈತಿ.

ಇಟ್ಟಂಗಿ ಕಟ್ಟಡದ ಭಾರತೀಯ ಮಾನಕ ಐಎಸ್ 2212 ಪ್ರಕಾರ 3 ಮೀಟರ್ ಎತ್ತರಕ್ಕ 6 ಮಿ.ಮೀ.ಗಿಂತ ಹೆಚ್ಚು ವಾಲಬಾರ್ದು. ನಿಮ್ಮ 5 ಫೂಟಿಗೆ 3 ಮಿ.ಮೀ. ಆಯ್ತು. ಇದನ್ನ ನೋಡಾಕ ಇಂಜಿನಿಯರ್ ಬ್ಯಾಡ, ದಾರಕ್ಕ ಕಟ್ಟಿದ ತೂಕದ ಗುಂಡು ಸಾಕು. ಗುಂಡಿನ ಅಗಲದಷ್ಟ ಇರೂ ಕಟ್ಟಗಿ ತುಂಡನ್ನ ಗ್ವಾಡಿ ಮ್ಯಾಲಿನ ತುದಿಗೆ ಒತ್ತಿ ಹಿಡದು ಅದರ ನಡುವಿನ ತೂತಿಂದ ದಾರಾ ಇಳಿಬಿಡ್ರಿ. ಗುಂಡು ಗ್ವಾಡಿಗೆ ಮುಟ್ಟಿಯೂ ಮುಟ್ಟದಂಗ ನಿಂತ್ರ ಸರಿ. ಒರಗಿ ನಿಂತ್ರ ಗ್ವಾಡಿ ಹೊಟ್ಟಿ ಬಿಟ್ಟೈತಿ, ದೂರ ನಿಂತ್ರ ಒಳಗ ಸರದೈತಿ. ಮುಂಜಾನಿ ಗಾಳಿ ಇಲ್ಲದಾಗ ನೋಡ್ರಿ. ಮಧ್ಯಾಹ್ನದಾಗ ಗುಂಡು ಅಳ್ಳಾಡ್ಕೋತ ಇರ್ತೈತಿ, "ನೋಡ್ರಿ, ಎರಡೂ ಕಡೆ ಬರೋಬ್ಬರಿ ಐತಿ" ಅಂತ ಗವಂಡಿ ನಗ್ತಾನ. ನಾಕ ಸಾಲಿಗೊಮ್ಮೆ ನೋಡಿದ್ರ ತಪ್ಪು ಕರಣಿಯಿಂದ ತಿದ್ದಬಹುದು, ಮುಗದ ಮ್ಯಾಲ ನೋಡಿದ್ರ ಹಾರಿ ಬೇಕಾಗ್ತೈತಿ.

ಒಬ್ರು "ದಪ್ಪ ಮಾಲು ಹಾಕಬ್ಯಾಡೋ ಅಂದ್ರ, ಗೋಳಗುಮ್ಮಟಕ್ಕೂ ದಪ್ಪನ ಹಾಕ್ಯಾರ್ರಿ ಅಂತಾನ" ಅಂತ ಬರದಾರ. ಇದು ಭಾರೀ ಮಾತು, ಯಾಕಂದ್ರ ಗವಂಡಿ ಹೇಳೂದು ಖರೇನ ಐತಿ! ಮುಹಮ್ಮದ್ ಆದಿಲ್ ಶಾಹನ ಆ ಗುಮ್ಮಟದ ಗ್ವಾಡಿ ಕರಿ ಕಲ್ಲಿಂದು, ಆದ್ರ ಮ್ಯಾಲಿನ ಗುಮ್ಮಟಾ ಇಟ್ಟಂಗಿದು. ಅಡ್ಡಸಾಲು ಇಟ್ಟು, ನಡುನಡುವ ದಪ್ಪ ಸುಣ್ಣದ ಗಾರಿ ತುಂಬ್ಯಾರ. ಅಲ್ಲಿ ಗುಮ್ಮಟದ ದಪ್ಪಾನ ಸುಮಾರು 10 ಫೂಟ್ ಐತಿ. ಸುಣ್ಣ ಸಾವಕಾಶ ಗಟ್ಟಿ ಆಗ್ತೈತಿ, ಸಣ್ಣ ಬಿರುಕನ್ನ ಸೈಸ್ಕೋತೈತಿ. ನಿಮ್ಮದು 9 ಇಂಚಿನ ಸಿಮೆಂಟ್ ಗ್ವಾಡಿ. ಸಿಮೆಂಟ್ ಮಾಲು ಒಣಗೂ ಮುಂದ ಕುಗ್ಗತೈತಿ, ದಪ್ಪ ಇದ್ದಷ್ಟು ಜಾಸ್ತಿ ಕುಗ್ಗತೈತಿ, ಖರ್ಚೂ ಜಾಸ್ತಿ. 10 ಮಿ.ಮೀ. ಸಾಕು. ಪರೀಕ್ಷಾ ಹಿಂಗ ಮಾಡ್ರಿ: ಮಾಲಿಲ್ಲದ ನಾಕ ಇಟ್ಟಂಗಿ ಒಂದರ ಮ್ಯಾಲೊಂದು ಇಟ್ಟು ಅಳೀರಿ. ಗ್ವಾಡ್ಯಾಗಿನ ನಾಕ ಸಾಲು ಅದಕ್ಕಿಂತ 40 ಮಿ.ಮೀ. ಮಾತ್ರ ಜಾಸ್ತಿ ಇರಬಹುದು. 70 ಮಿ.ಮೀ. ಇಟ್ಟಂಗಿಗೆ 280ರ ಬದಲಿ 320. ಅದು 350 ಬಂತಂದ್ರ ನೀವು ಇಟ್ಟಂಗಿ ಬದಲಿ ಸಿಮೆಂಟ್ ಜೋಡಸಾಕ ಹತ್ತೀರಿ.

ಗುತ್ತಿಗಿ ಕೆಲಸದಾಗ ಇದರ ಉಲ್ಟಾ ತಪ್ಪು ಆಗ್ತೈತಿ. ಅಡ್ಡ ಸಂದ್ಯಾಗ ಮಾಲು ಇರ್ತೈತಿ, ನಿಂತ ಸಂದಿ ಖಾಲಿ. ಹೊರಗಿಂದ ಕರಣಿ ತುದಿಲೆ ಮುಚ್ಚಿ ಬಿಡ್ತಾರ. "ಗಾಳಿ ಆಡ್ಲಿ ಅಂತ ಬಿಟ್ಟೇನ್ರಿ" ಅನ್ನೂ ಜೋಕ್ ಇಲ್ಲಿಂದ ಬಂದದ್ದು. ಸಂಜಿ ಮುಂದ ಬಿಸಿಲು ಅಡ್ಡ ಇದ್ದಾಗ ಆ ಕಡೆ ನಿಂತು ನೋಡ್ರಿ, ಬೆಳಕು ತೂರಿ ಬಂದ್ರ ಅಲ್ಲಿ ಮಾಲಿಲ್ಲ. ಮಳಿ ನೀರು, ಇರಬಿ, ಹಲ್ಲಿ ಎಲ್ಲಾ ಆ ಹಾದಿಲೇನ ಬರ್ತಾವು. ಸಂದಿ ಮ್ಯಾಲ ಸಂದಿ ಬರಬಾರ್ದು ಅನ್ನೂದು ನಿಮಗೂ ಗೊತ್ತೈತಿ. ಇಟ್ಟಂಗಿ ನಡುವಿನ ತಗ್ಗು ಮ್ಯಾಲ ಮುಖ ಮಾಡಿರಬೇಕು, ಇಲ್ಲಾಂದ್ರ ಅಲ್ಲಿ ಮಾಲು ತುಂಬಂಗಿಲ್ಲ.

ಗವಂಡಿ ಚಾ ಕುಡದು ಬರೂದ್ರಾಗ ಮಾಲು ಗಟ್ಟಿ ಆಗಿತ್ತು ಅನ್ನೂ ಜೋಕಿನ್ಯಾಗ ಗವಂಡಿದು ತಪ್ಪಿಲ್ಲ, ಮಾಲು ಕಲಸಿದವಂದು ತಪ್ಪು. ನೀರು ಹಾಕಿದ ಎರಡ ತಾಸಿನ್ಯಾಗ ಮಾಲು ಮುಗೀಬೇಕು. ವಿಜಯಪುರದ ಏಪ್ರಿಲ್ ಬಿಸಿಲಿನ್ಯಾಗ ಒಂದ ತಾಸು ಅಂತ ಹಿಡೀರಿ. ಹತ್ತ ಗಂಟೆಕ್ಕ ಮೂರು ಚೀಲ ಒಮ್ಮೆಲೆ ಕಲಸಿಟ್ಟು ಚಾಕ್ಕ ಹೋದ್ರ, ಬಂದ ಮ್ಯಾಲ ನೀರು ಚಿಮಕಿಸಿ ಮತ್ತ ಸಡ್ಲ ಮಾಡ್ತಾರ. ಕಣ್ಣಿಗೆ ಮಾಲು ಮೊದಲಿನಂಗ ಕಾಣ್ತೈತಿ, ಹಿಡಿತ ಹೋಗಿರ್ತೈತಿ. ಚಾ ಮೊದ್ಲ, ಮಾಲು ಆಮ್ಯಾಲ. ಒಂದ ಸಲಕ್ಕ ಒಂದ ಚೀಲ.

ಇಟ್ಟಂಗಿ ನೆನಸೂದು ಮಾತ್ರ ಜೋಕ್ ಅಲ್ಲ. ಒಣ ಇಟ್ಟಂಗಿ ಮಾಲಿನ ನೀರು ಹೀರ್ತೈತಿ, ಸಿಮೆಂಟಿಗೆ ಗಟ್ಟಿಯಾಗಾಕ ನೀರ ಉಳಿಯಂಗಿಲ್ಲ, ಆರು ತಿಂಗಳಿಗೆ ಸಂದ್ಯಾಗ ಬೆರಳಾಡಿಸಿದ್ರ ಪುಡಿ ಉದರತೈತಿ. ಪೈಪಿಲೆ ಮ್ಯಾಲ ನೀರು ಹೊಡದದ್ದು ನೆನಸಿದಂಗಲ್ಲ. ಹೌದಿನ್ಯಾಗ ಮುಳುಗಿಸಿ, ಗುಳ್ಳಿ ಬರೂದು ನಿಲ್ಲೂತನಕ ಬಿಡಬೇಕು. ತಗದ ಮ್ಯಾಲ ನೀರು ಸೋರಿ ಮ್ಯಾಲ್ಮೈ ಒಣಗಿರಬೇಕು, ಇಲ್ಲಾಂದ್ರ ಇಟ್ಟಂಗಿ ಮಾಲಿನ ಮ್ಯಾಲ ಜಾರ್ತೈತಿ. ಹಂಗ ಇಟ್ಟಂಗಿದೂ ಪರೀಕ್ಷಾ ಆಗ್ತೈತಿ. ಒಣಗಿದ್ದು 3 ಕೆ.ಜಿ. ತೂಗಿದ್ರ, 24 ತಾಸು ನೀರಾಗ ಇಟ್ಟ ಮ್ಯಾಲ 3 ಕೆ.ಜಿ. 600 ಗ್ರಾಂ ದಾಟಬಾರ್ದು. ದಾಟಿದ್ರ ಹಸಿ ಸುಟ್ಟದ್ದು, ವಾಪಸ್ ಕಳಸ್ರಿ.

ನೀರು ಎಲ್ಲಿಂದು ಅನ್ನೂದನ್ನೂ ನೋಡ್ರಿ. ಡೋಣಿ ಹೊಳಿ ದಂಡಿ ಕಡೆ ನೀರು ಉಪ್ಪು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳು ಹಿಡದ ಅಥಣಿ, ರಾಯಬಾಗ, ಜಮಖಂಡಿ ಹೊಲದಾಗೂ ಇದ ತ್ರಾಸ. ಆ ಮಣ್ಣಿನ ಇಟ್ಟಂಗಿಗೆ, ಆ ಬೋರಿನ ನೀರಿಗೆ ಗ್ವಾಡಿ ಮ್ಯಾಲ ಬಿಳಿ ಉಪ್ಪು ಏಳ್ತೈತಿ, ಪ್ಲಾಸ್ಟರ್ ಹೊಪ್ಪಳಿಕಿ ಹೊಪ್ಪಳಿಕಿ ಆಗಿ ಬೀಳ್ತೈತಿ. ಒಂದು ತಾಟಿನ್ಯಾಗ ಒಂದು ಇಂಚು ಚಲೋ ನೀರು ಹಾಕಿ ಇಟ್ಟಂಗಿ ನಿಲ್ಲಸ್ರಿ. ನೀರು ಪೂರಾ ಆರಿದ ಮ್ಯಾಲ ಮತ್ತೊಮ್ಮೆ ಹಾಕಿ ಆರಸ್ರಿ. ಮೈ ತುಂಬ ಬಿಳಿ ಹುಡಿ ಬಂದ್ರ ಆ ಭಟ್ಟಿ ಬ್ಯಾಡ. ಸವಳ ನೆಲದಾಗ ನೆಲದ ಮ್ಯಾಲ ಅರ್ಧ ಫೂಟಿಗೆ ಒಂದೂವರಿ ಇಂಚು 1:2:4 (ಸಿಮೆಂಟ್, ಉಸುಕು, ಖಡಿ) ಕಾಂಕ್ರೀಟಿನ ಪಟ್ಟಿ, ನೀರು ತಡಿಯೂ ಪುಡಿ ಕೂಡಿಸಿ ಹಾಕ್ರಿ. ಕಂಪೌಂಡಿಗ್ಯಾಕ ಅಂತ ಗವಂಡಿ ನಗಬಹುದು. ನಗ್ಲಿ.

ಎರಿ ನೆಲದ ಪಾಯಾ. "ಗ್ವಾಡಿ ಸರಳ ಐತ್ರಿ, ನಿಮ್ಮ ಭೂಮಿನ ಸೊಟ್ಟ ಐತಿ" ಅನ್ನೂ ಜೋಕ್ ಬ್ಯಾರೆ ಕಡೆ ನೆಪಾ, ನಮ್ಮ ಕಡೆ ಇದ್ದದ್ದ ಮಾತು. ಎರಿ ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಿಗ್ಯಾಗ ಕೈ ಹೋಗೂವಷ್ಟು ಬಿರೀತೈತಿ, ಮ್ಯಾಲಿನ ಗ್ವಾಡಿನೂ ಹಂಗ ಏಳ್ತೈತಿ, ಇಳೀತೈತಿ. ಗರಸು (ಎರಿ ಕೆಳಗಿನ ಗಟ್ಟಿ ಹರಳು ಮಣ್ಣು) ಹತ್ತೂತನಕ ತಗೀರಿ. 5-6 ಫೂಟಿನ್ಯಾಗ ಗರಸು ಸಿಗಲಿಲ್ಲಂದ್ರ ಉದ್ದಕ ಪಾಯಾ ತಗಿಯೂ ಖರ್ಚು ಬ್ಯಾಡ. ಹತ್ತ ಫೂಟಿಗೊಂದು ಕುಣಿ ಗಟ್ಟಿ ನೆಲದತನಕ ತಗದು ಆರ್‌ಸಿಸಿ ಕಂಬಾ ಎಬ್ಬಿಸಿ, ನೆಲದ ಮಟ್ಟಕ್ಕ ಬೀಮ್ ಕಟ್ಟಿ ಅದರ ಮ್ಯಾಲ ಗ್ವಾಡಿ. ಹಂಗಾದ್ರ ಮ್ಯಾಲಿನ 14 ಇಂಚಿನ ಇಟ್ಟಂಗಿ ಕಂಬಾ ಬ್ಯಾಡ, ಆ 330 ಕಳೀರಿ. ಬೀಮಿನ ಕೆಳಗ 80 ಮಿ.ಮೀ. ಜಾಗಾ ಖಾಲಿ ಬಿಡಬೇಕು, ಎರಿ ಉಬ್ಬಿದ್ರ ಅಲ್ಲಿ ಉಬ್ಲಿ. ಗವಂಡಿ ಇದನ್ನ ಮರತದ್ದಂತ ತಿಳದು ಮಣ್ಣು ತುಂಬಿ ಮುಚ್ತಾನ, ಎದುರಿಗೆ ನಿಂತು ತಡೀರಿ. ಕುಣಿ ಸುತ್ತ ತಗದ ಎರಿನ ತಿರಗಿ ತುಂಬಬ್ಯಾಡ್ರಿ, ಗರಸು ತುಂಬಿ ಧಮ್ಮಸ ಮಾಡ್ರಿ. ಗ್ವಾಡ್ಯಾಗ 30-40 ಫೂಟಿಗೊಂದು ಕಡೆ, ಕಂಬದ ಮಗ್ಗಲಾಗ, ಮುಕ್ಕಾಲು ಇಂಚು ಸಂದು ಪೂರಾ ಬಿಡ್ರಿ. ಬಿಡದಿದ್ರೂ ಗ್ವಾಡಿ ತಾನ ಬಿಟ್ಕೋತೈತಿ, ತನಗ ಬೇಕಾದ ಜಾಗಾದಾಗ.

ಮೂಲಿ ತಗಿಯೂ ಮುಂದ ಗುನ್ಯಾ (ಮೂಲಿ ನೋಡೂ ಎಲ್ ಆಕಾರದ ಪಟ್ಟಿ) ಒಂದನ್ನ ನಂಬಬ್ಯಾಡ್ರಿ, ಅದು ಎರಡ ಫೂಟಿನ ಸಾಮಾನು, 100 ಫೂಟ್ ಹೋಗೂತನಕ ತಪ್ಪು ಬೆಳೀತೈತಿ. ಒಂದ ಕಡೆ 9 ಫೂಟ್, ಇನ್ನೊಂದ ಕಡೆ 12 ಫೂಟ್ ಗುರ್ತು ಹಾಕ್ರಿ, ಅಡ್ಡ 15 ಬಂದ್ರ ಮೂಲಿ ಸರಿ. ಟ್ಯೂಬಿಲೆ ಲೆವೆಲ್ ನೋಡೂ ಮುಂದ ಪೈಪಿನ್ಯಾಗ ಗುಳ್ಳಿ ಇರಬಾರ್ದು. ಎರಡೂ ತುದಿ ಜೋಡಿಸಿ ಹಿಡದು ನೀರು ಸಮ ನಿಂತದ್ದನ್ನ ನೋಡಿ ಆಮ್ಯಾಲ ಎಳೀರಿ.

5 ಫೂಟ್ ಒಂದ ದಿನಕ್ಕ ಎತ್ತಿ ಬಿಡ್ತೇನಿ ಅಂದ್ರ ಒಪ್ಪಬ್ಯಾಡ್ರಿ. ದಿನಕ್ಕ 3 ಫೂಟ್ ಸಾಕು. ಕೆಳಗಿನ ಮಾಲು ಹಸಿ ಇರೂ ಮುಂದ ಮ್ಯಾಲ ಭಾರ ಹೇರಿದ್ರ ಗ್ವಾಡಿ ಹೊಟ್ಟಿ ಬಿಡ್ತೈತಿ. ಒಬ್ಬ ಗವಂಡಿ ದಿನಕ್ಕ 500 ಇಟ್ಟಂಗಿ ಸುಮಾರು ಇಡ್ತಾನ, ನಿಮ್ಮದು ಒಬ್ಬಂಗ 11 ದಿನದ ಕೆಲಸ. ನೀರು ಏಳ ದಿನ, ದಿನಕ್ಕ ಮೂರ ಸಲ. ಬ್ಯಾಸಿಗ್ಯಾಗ ಗೋಣಿಚೀಲ ಹೊದಿಸಿ ಹಸಿ ಇಡ್ರಿ.

ಗಡಗಡಿ ಕಟ್ಟಿ ಎರಡನೇ ಮಾಳಿಗಿಗೆ ಇಟ್ಟಂಗಿ ಏರಸೂದು ಕೇಳಿದವ್ರಿಗೆ: 30 ಇಟ್ಟಂಗಿ 90 ಕೆ.ಜಿ., ಹಗ್ಗಾ ಹಿಡದಾಂವ 65 ಕೆ.ಜಿ. ಇದ್ರ ಇಟ್ಟಂಗಿ ಕೆಳಗ ಬರ್ತಾವು, ಅಂವ ಮ್ಯಾಲ ಹೋಗ್ತಾನ. ಒಂದ ಸಲಕ್ಕ 8-10 ಮ್ಯಾಲ ಬ್ಯಾಡ, ಹಗ್ಗಾ ಕೈಗೆ ಸುತ್ಕೋಬ್ಯಾಡ್ರಿ, ಬುಟ್ಟಿ ಕೆಳಗ ಯಾರೂ ನಿಲ್ಲಬ್ಯಾಡ್ರಿ.

ಇಂಡಿ ಅಣ್ಣಾರು 20 ಇಟ್ಟಂಗಿ ಸಾಲಿನ ಅಳತಿ, ಗರಸು ಎಷ್ಟು ಫೂಟಿಗೆ ಹತ್ತಿತು, ಬೋರಿನ ನೀರು ಸಪ್ಪನೋ ಉಪ್ಪೋ, ಈ ಮೂರು ಹಾಕ್ರಿ. ಬೀಮಿನ ಕಬ್ಬಿಣದ ಲೆಕ್ಕಾ ಅದರ ಮ್ಯಾಲ ಹೇಳಬಹುದು. ಅಲ್ಲೀತನಕ ಭಟ್ಟಿಗೆ ಅಡ್ವಾನ್ಸ್ ಕೊಡಬ್ಯಾಡ್ರಿ.