ರಾಳಧೂಪದ ಎಣ್ಣೆ ಅಂಟಾಗಿ ಟರ್ಪೆಂಟೈನ್ ವಾಸನೆ ಬಂದರೆ

ಸಕಲೇಶಪುರದ ರಾಳಧೂಪದಿಂದ (ಧೂಪದ ಮರದ ಸುಗಂಧ ರಾಳ) ನೀವು ಬಟ್ಟಿ ಇಳಿಸಿದ ಎಣ್ಣೆ ಅಂಟಾಗಿದೆ, ಟರ್ಪೆಂಟೈನ್ (ಪೈನ್ ಮರದ ರಾಳದಿಂದ ತೆಗೆಯುವ, ಬಣ್ಣ ತೆಳುಮಾಡಲು ಬಳಸುವ ಎಣ್ಣೆ) ವಾಸನೆ ಬರುತ್ತಿದೆ, ರಾಳದಲ್ಲಿ ಕಲಬೆರಕೆ ಇದೆಯೇ ಎಂದು ಕೇಳಿದ್ದೀರಿ. ಅಂಟಾಗಿರುವುದಕ್ಕೆ ಕಾರಣ ಬಹುಶಃ ಗಾಳಿ. ಟರ್ಪೆಂಟೈನ್ ವಾಸನೆ ಬಂದ ಮಾತ್ರಕ್ಕೆ ರಾಳ ಕೊಟ್ಟವರನ್ನು ಅನುಮಾನಿಸಬೇಡಿ. ರಾಳಧೂಪದ ಎಣ್ಣೆಯಲ್ಲೇ ಪೈನೀನ್, ಲಿಮೋನೀನ್‌ನಂಥ ಟರ್ಪೀನ್‌ಗಳು (ಗಿಡಮರಗಳ ಸುವಾಸನೆಯ ರಾಸಾಯನಿಕಗಳು) ಇರುತ್ತವೆ. ಟರ್ಪೆಂಟೈನ್‌ನಲ್ಲೂ ಮುಖ್ಯವಾಗಿ ಇರುವುದು ಪೈನೀನೇ ಅಲ್ವಾ. ಅರ್ಧ ಖಾಲಿ ಬಾಟಲಿಯಲ್ಲಿ ಆಮ್ಲಜನಕ ಸೇರಿ ಎಣ್ಣೆ ದಪ್ಪಗಾಗುತ್ತದೆ, ಮುಚ್ಚಳದ ಸುತ್ತ ಹಳದಿ ಅಂಟು ಕಟ್ಟುತ್ತದೆ. ಮೂಡಿಗೆರೆ ಕಡೆಯ ಧೂಪದಲ್ಲೂ ಇದನ್ನೇ ನೋಡಿದ್ದೇನೆ.

ಈಗಿರುವುದನ್ನು ಮೈಗೆ ಹಚ್ಚಲೇಬೇಡಿ. ಗಾಳಿಗೆ ಕೆಟ್ಟ ಲಿಮೋನೀನ್‌ನಿಂದ ಚರ್ಮಕ್ಕೆ ಅಲರ್ಜಿ ಆಗಬಹುದು. ಮುಂದಿನ ಸಲ ಎಣ್ಣೆ ಇಳಿಸಿದ ಕೂಡಲೇ ನೀರು ಬೇರ್ಪಡಿಸಿ. ಉಳಿದ ಪಸೆ ತೆಗೆಯಲು ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ಸೋಸಿ. ಆಮೇಲೆ ಚಿಕ್ಕ ಕಂದು ಗಾಜಿನ ಬಾಟಲಿಗಳಿಗೆ ಕುತ್ತಿಗೆವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಕಲಬೆರಕೆ ಇದೆಯೋ ಇಲ್ಲವೋ ವಾಸನೆಯಿಂದ ಖಚಿತ ಹೇಳಲಾಗದು. ಅನುಮಾನ ಉಳಿದರೆ ತಾಜಾ ಎಣ್ಣೆಯನ್ನೇ ಜಿಸಿ-ಎಂಎಸ್ ಪರೀಕ್ಷೆಗೆ (ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಪ್ರಯೋಗಾಲಯದ ಪರೀಕ್ಷೆ) ಕೊಡಿ.