ಪ್ಲ್ಯಾನ್ ನನ್ನದು, ಬುಕಿಂಗ್ ಬೇರೆ ಕಡೆ!

ಪ್ರಶ್ನೆ: ನನಗೆ 39 ವರ್ಷ. 14 ವರ್ಷ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಮಗಳನ್ನು ನೋಡಿಕೊಳ್ಳಲು ಕೆಲಸ ಬಿಟ್ಟೆ. ಮೊದಲಿಂದಲೂ ಪ್ರವಾಸದ ಹುಚ್ಚು. ಎಂಟು ತಿಂಗಳ ಹಿಂದೆ ಮನೆಯಲ್ಲೇ ಟ್ರಾವೆಲ್ ಏಜೆಂಟ್ ಕೆಲಸ ಶುರು ಮಾಡಿದೆ. ನೆಂಟರು, ಹಳೇ ಸಹೋದ್ಯೋಗಿಗಳು ಕೇಳುತ್ತಲೇ ಇರುತ್ತಾರೆ. ರಾತ್ರಿ ಕೂತು ಪ್ಲ್ಯಾನ್ ಮಾಡಿ ಕಳಿಸುತ್ತೇನೆ. ಆಮೇಲೆ ಅವರೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಳ್ಳುತ್ತಾರೆ. ಮೊನ್ನೆ ನನ್ನ ನಾದಿನಿಯೂ ಹಾಗೇ ಮಾಡಿದಳು. ಮನೆಯವರು ‘ಇದೊಂದು ಹವ್ಯಾಸ ಅಂದ್ಕೊ’ ಅನ್ನುತ್ತಾರೆ. ಈ ನಡುವೆ ಗೆಳತಿಯೊಬ್ಬಳು, ಹಣ ಕಟ್ಟಿದರೆ ಏಜೆಂಟ್ ಕಾರ್ಡ್ ಕೊಡುವ ಸ್ಕೀಮಿಗೆ ಕರೆಯುತ್ತಿದ್ದಾಳೆ. ಸೇರಲಾ? ಅಥವಾ ಇದನ್ನು ಬಿಟ್ಟು ಮತ್ತೆ ಕೆಲಸ ಹುಡುಕಲಾ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜಾಗ ಸಾಲದೆ ಮೇಲೆ ಮೊಟಕು ಮಾಡಿದ್ದೇನೆ. ಅದರಲ್ಲಿ ನಾದಿನಿಗೆ ಒಂದೂವರೆ ಪುಟ, ಸ್ಕೀಮಿಗೆ ಅರ್ಧ ಪುಟ. ದುಡ್ಡಿಗೆ ಮಾತ್ರ ಒಂದೇ ಸಾಲು: ‘ಫೀ ಅಂತ ಯಾರ ಹತ್ತಿರವೂ ಕೇಳಿಲ್ಲ, ನಮ್ಮವರ ಹತ್ತಿರ ಹೇಗೆ ಕೇಳೋದು?’ ನನ್ನ ಕಣ್ಣಿಗೆ ಬಿದ್ದ ಪ್ರಶ್ನೆ ಅದೇ.

ತಮಾಷೆ ನೋಡಿ. ಕಂಪನಿಗೆ ಬರಬೇಕಿದ್ದ ಬಾಕಿಯನ್ನು 14 ವರ್ಷ ಫೋನ್ ಮೇಲೆ ಫೋನ್ ಮಾಡಿ ವಸೂಲಿ ಮಾಡಿದವರು ನೀವು. ನಿಮ್ಮದೇ ದುಡ್ಡು ಕೇಳುವಾಗ ಮಾತ್ರ ಗಂಟಲು ಕಟ್ಟುತ್ತದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ಹಳಬರು ಸುಮ್ನೆ ಹೇಳಿಲ್ಲ. ನಾದಿನಿ ಮಾಡಿದ್ದು ಬೇಜಾರಿನ ಕೆಲಸವೇ, ಒಪ್ಪುತ್ತೇನೆ. ಆದರೆ ಇದಕ್ಕೊಂದು ಬೆಲೆ ಇದೆ ಅಂತ ನೀವು ಅವರಿಗೆ ಹೇಳೇ ಇರಲಿಲ್ಲ, ಅಲ್ವಾ?

ಬರೀ ಕಮಿಷನ್ ನಂಬಿಕೊಂಡು ಈ ಕಸುಬು ಮಾಡುವ ಕಾಲ ಹೋಗಿ ಬಹಳ ದಿನವಾಯಿತು. ಅಮೆರಿಕದ ದೊಡ್ಡ ವಿಮಾನ ಕಂಪನಿಗಳು 1995ರಲ್ಲಿ ಏಜೆಂಟರ ಕಮಿಷನ್‌ಗೆ ಮಿತಿ ಹಾಕಿದವು. 2002ರಲ್ಲಿ ಮೂಲ ಕಮಿಷನ್ನನ್ನೇ ತೆಗೆದುಹಾಕಿದವು. ಬೇರೆ ದೇಶಗಳಲ್ಲೂ ಆಮೇಲೆ ಅದೇ ಗಾಳಿ ಬೀಸಿತು. ಉಳಿದುಕೊಂಡ ಏಜೆಂಟರು ಸರ್ವಿಸ್ ಫೀ ಕೇಳುವುದನ್ನು ಕಲಿತರು. ಹೋಟೆಲ್, ಕ್ರೂಸ್, ಪ್ಯಾಕೇಜ್‌ಗಳಲ್ಲಿ ಕಮಿಷನ್ ಇನ್ನೂ ಇದೆ. ಆದರೆ ಹೋಟೆಲಿನದು ಸಾಮಾನ್ಯವಾಗಿ ಗ್ರಾಹಕರು ತಂಗಿ, ಚೆಕ್ ಔಟ್ ಆದ ಮೇಲೆ ಬರುತ್ತದೆ. ಆರು ತಿಂಗಳ ಆಚೆಯ ಪ್ರವಾಸವನ್ನು ಇವತ್ತು ಬುಕ್ ಮಾಡಿದರೆ ಅದರ ದುಡ್ಡಿಗೂ ಅಷ್ಟೇ ದಿನ ಕಾಯಬೇಕು. ಹಾಗಾಗಿ ಎಂಟೇ ತಿಂಗಳಿಗೆ ‘ಸೋತೆ’ ಅಂದುಕೊಳ್ಳಬೇಡಿ.

ಹೇಗೆ ಕೇಳುವುದು ಅಂದಿರಿ. ಹೀಗೆ ಕೇಳಿ: ‘ಮೊದಲ ಅರ್ಧ ಗಂಟೆ ಮಾತಿಗೆ ಏನೂ ಇಲ್ಲ. ಪ್ಲ್ಯಾನ್ ಮಾಡಿಕೊಡೋಕೆ ಇಷ್ಟು ಫೀ. ಬುಕಿಂಗ್ ನನ್ನ ಹತ್ರಾನೇ ಮಾಡಿಸಿದ್ರೆ ಅದನ್ನ ಬಿಲ್ಲಲ್ಲಿ ಕಳೀತೀನಿ.’ ಇಷ್ಟು ಹೇಳಿ ಸುಮ್ಮನಾಗಿ. ‘ಬೇಜಾರು ಮಾಡ್ಕೋಬೇಡಿ’ ಅಂತ ಮಾತ್ರ ಸೇರಿಸಬೇಡಿ. ಫೀ ಬರುವ ತನಕ ಹೋಟೆಲ್ ಹೆಸರು, ವಿಮಾನದ ನಂಬರ್ ಕೊಡಬೇಡಿ. ಕೆಲವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಬಿಡಲಿ, ರಾತ್ರಿ ನಿದ್ದೆಯಾದರೂ ಆಗುತ್ತದೆ.

‘ಎಲ್ಲಾ ಇಂಟರ್ನೆಟ್ಟಲ್ಲೇ ಸಿಗುತ್ತೆ, ನನಗ್ಯಾಕೆ ದುಡ್ಡು ಕೊಡ್ತಾರೆ?’ ಅಂತಲೂ ಬರೆದಿದ್ದೀರಿ. ನೋಡುವ ಜಾಗಗಳ ಪಟ್ಟಿಗೆ ಯಾರೂ ಕೊಡುವುದಿಲ್ಲ, ನಿಜ. ಆದರೆ ಟಿಕೆಟ್‌ನಲ್ಲಿ ‘15ನೇ ತಾರೀಕು, 00:30’ ಅಂತ ಇದೆ ಅನ್ನಿ. 15ರ ರಾತ್ರಿ ಊಟ ಮುಗಿಸಿ, ಸೂಟ್‌ಕೇಸ್ ಎಳೆದುಕೊಂಡು ಏರ್‌ಪೋರ್ಟಿಗೆ ಹೋಗುವವರಿದ್ದಾರೆ. ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟ್‌ನ ವಾಪಸ್ ಪ್ರಯಾಣವನ್ನೂ ಎಷ್ಟೋ ಕಂಪನಿಗಳು ರದ್ದು ಮಾಡುತ್ತವೆ. ಇನ್ನೊಬ್ಬರು ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡು ಮಧ್ಯೆ ಎರಡು ಗಂಟೆ ಬಿಡುತ್ತಾರೆ. ಮೊದಲನೆಯದು ತಡವಾದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ಅವರು ಬಂದೇ ಇಲ್ಲ. ಎರಡೂ ಒಂದೇ ಟಿಕೆಟ್‌ನಲ್ಲಿದ್ದಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಕಂಪನಿಯದಾಗಿರುತ್ತಿತ್ತು. ಮುಂದಿನ ಸಲ ಫೀ ಹೇಳುವಾಗ ಇವೆರಡರಲ್ಲಿ ಒಂದನ್ನು ಹೇಳಿ ನೋಡಿ.

ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದ ಭಾಗ ಬೇರೆ ಇತ್ತು. ಮಂಡಿ ನೋವಿರುವ ನಿಮ್ಮ ಅತ್ತೆಯವರಿಗೆ ವೀಲ್‌ಚೇರ್ ಹೇಳುವಾಗ, ಮೆಟ್ಟಿಲು ಹತ್ತೋಕೆ ಆಗುತ್ತಾ ಇಲ್ವಾ ಅಂತ ಕೇಳಿಕೊಂಡು, ಬುಕಿಂಗ್‌ನಲ್ಲಿ ಡಬ್ಲ್ಯುಸಿಎಚ್‌ಎಸ್ ಅನ್ನುವ ಕೋಡ್ ಹಾಕಿಸಿದ್ದೀರಿ. ದೂರ ನಡೆಯಲು ಮಾತ್ರ ಕಷ್ಟ ಇರುವವರಿಗೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗದವರಿಗೆ ಡಬ್ಲ್ಯುಸಿಎಚ್‌ಎಸ್. ಸೀಟಿನ ತನಕವೂ ಕರೆದೊಯ್ಯಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ಇದು ಗೊತ್ತಿಲ್ಲದೆ ಬರೀ ‘ವೀಲ್‌ಚೇರ್ ಬೇಕು’ ಅಂದವರು ವಿಮಾನದ ಮೆಟ್ಟಿಲ ಕೆಳಗೆ ನಿಂತು ಒದ್ದಾಡುತ್ತಾರೆ. ಜಗತ್ತಿನ ಎಲ್ಲಾ ಊರಿಗೂ ಟಿಕೆಟ್ ಮಾರಲು ಹೊರಡಬೇಡಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವ ಮನೆಗಳನ್ನೇ ಹಿಡಿಯಿರಿ. ಅಪ್ಪ ಅಮ್ಮನ ಜೊತೆ ಹೋಗುವವರು ಅಗ್ಗಕ್ಕಿಂತ ಧೈರ್ಯವನ್ನು ಜಾಸ್ತಿ ಹುಡುಕುತ್ತಾರೆ.

ಸ್ಕೀಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೆಳತಿಗೆ ದುಡ್ಡು ಬರುತ್ತಿರುವುದು ಪ್ರವಾಸ ಮಾರಿದ್ದಕ್ಕಾ, ನಿಮ್ಮಂಥವರನ್ನು ಸೇರಿಸಿದ್ದಕ್ಕಾ ಅಂತ ಕೇಳಿ. ಎರಡನೆಯದಾದರೆ ಕೈ ಮುಗಿದು ಬನ್ನಿ. ಕಾರ್ಡ್ ತೋರಿಸಿದ ಕೂಡಲೇ ಹೋಟೆಲಿನವರು ಅರ್ಧ ಬೆಲೆಗೆ ರೂಮ್ ಕೊಡುತ್ತಾರೆ ಅನ್ನುವುದನ್ನಂತೂ ನಂಬಬೇಡಿ. ಐಯಾಟಾ, ಅಂದರೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ, ಏಜೆಂಟರಿಗೆ ಕೊಡುವ ಮಾನ್ಯತೆಯನ್ನೂ ಶುರುವಿನಲ್ಲೇ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಮಾನ್ಯತೆ ಇರುವ ದೊಡ್ಡ ಏಜೆನ್ಸಿಯ ಮೂಲಕ ಟಿಕೆಟ್ ಮಾಡಿಸಿ ಕಮಿಷನ್ ಹಂಚಿಕೊಳ್ಳಬಹುದು. ಮನೆಯಿಂದ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಶುರು ಮಾಡುವುದೇ ಹಾಗೆ. ಸಹಿ ಹಾಕುವ ಮೊದಲು, ಗ್ರಾಹಕರ ದುಡ್ಡು ಯಾರ ಖಾತೆಗೆ ಹೋಗುತ್ತದೆ, ಟಿಕೆಟ್‌ನಲ್ಲಿ ತಪ್ಪಾದರೆ ದಂಡ ಕಟ್ಟುವವರು ಯಾರು, ನಾಳೆ ನೀವು ಬಿಟ್ಟರೆ ಗ್ರಾಹಕರು ಯಾರ ಪಾಲು ಅಂತ ಕೇಳಿಕೊಳ್ಳಿ. ಗ್ರಾಹಕರ ಹಣ ಮನೆ ಖರ್ಚಿನ ಖಾತೆಗೆ ಸೇರದ ಹಾಗೆ ನೋಡಿಕೊಳ್ಳಿ. ಲೆಕ್ಕದವರಿಗೆ ಇದನ್ನು ನಾನು ಹೇಳಬೇಕಾ!

ಇನ್ನು ಮನೆಯವರ ಮಾತು. ‘ಹವ್ಯಾಸ’ ಅಂದಿದ್ದಕ್ಕೆ ನಿಮಗೆ ನೋವಾಗಿದೆ. ಆದರೆ ಬಿಲ್ ಒಂದೂ ಇಲ್ಲದ ಕೆಲಸವನ್ನು ಅವರು ಇನ್ನೇನಂತ ಕರೆಯಬೇಕು? ಜಗಳ ಬೇಡ, ಲೆಕ್ಕ ತೋರಿಸಿ. ಈ ಎಂಟು ತಿಂಗಳಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಗಂಟೆ ಕೂತಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಜೊತೆಗೆ ಇನ್ನೊಂದು ವರ್ಷ ಅಂತ ಇಬ್ಬರೂ ಸೇರಿ ಗಡುವು ಹಾಕಿಕೊಳ್ಳಿ. ಕೆಲಸ ಹುಡುಕಲಾ ಅಂದಿರಲ್ಲ, ಹುಡುಕಿ. ಆದರೆ ಅರ್ಧ ದಿನದ್ದು. ನಿಮಗೆ ಗೊತ್ತಿರುವ ಲೆಕ್ಕದ ಕೆಲಸವೇ ಸಾಕು. ಕಮಿಷನ್ ಕೈಗೆ ಬರುವ ತನಕ ಮನೆ ನಡೆಯುತ್ತದೆ. ದುಡ್ಡಿನ ಆತುರಕ್ಕೆ ಸಿಕ್ಕವರಿಗೆಲ್ಲ ತಲೆ ಬಾಗಿಸುವುದೂ ತಪ್ಪುತ್ತದೆ.

ನಾದಿನಿ ಇನ್ನೊಂದು ಸಲ ಕೇಳಿಯೇ ಕೇಳುತ್ತಾರೆ. ಹೋಗಿ ಬಂದ ಪ್ರವಾಸ ಚೆನ್ನಾಗಿತ್ತು ತಾನೇ? ಆಗ ಮುಖ ಊದಿಸಿಕೊಳ್ಳಬೇಡಿ. ಉಳಿದವರಿಗೆ ಕಳಿಸುವ ಬಿಲ್ಲನ್ನೇ ಅವರಿಗೂ ಕಳಿಸಿ. ಮನಸ್ಸು ತಡೆಯದಿದ್ದರೆ ಪೂರ್ತಿ ಫೀ ಬರೆದು, ಕೆಳಗೆ ‘ಮನೆಯವರಿಗೆ ರಿಯಾಯಿತಿ’ ಅಂತ ಎಷ್ಟು ಬೇಕೋ ಅಷ್ಟು ಕಳೆಯಿರಿ. ಆದರೆ ಮೇಲಿನ ಆ ಅಂಕಿ ಅವರ ಕಣ್ಣಿಗೆ ಬೀಳಲಿ.