ಸೂಜಿ ಕಂಡರೆ ಬೀಳುವವರು ಮೈ ಸಡಿಲ ಬಿಡಬೇಡಿ

ಸೂಜಿ, ರಕ್ತ ನೋಡಿದರೆ ಎಚ್ಚರ ತಪ್ಪುತ್ತದೆ, ಆಗ ಶಾಂತವಾಗಿರೋದು ಹೇಗೆ ಅಂತ ಕೇಳಿದ್ದೀರಿ. ಶಾಂತವಾಗಿರಬೇಡಿ. ನಾನು ಅದನ್ನೇ ಮಾಡಿ ಬಿದ್ದೆ.

ಪಿಯುಸಿ ಮುಗಿದ ವರ್ಷ ಜ್ವರ ಬಂದು ಲ್ಯಾಬ್‌ಗೆ ಹೋಗಿದ್ದೆ. ಅದಕ್ಕೂ ಮೊದಲು ಎರಡು ಸಲ ಬಿದ್ದಿದ್ದೆ, ಹಾಗಾಗಿ ಈ ಸಲ ತಯಾರಾಗಿದ್ದೆ. ಸ್ಟೂಲ್ ಮೇಲೆ ಕೂತು ಕಣ್ಣು ಮುಚ್ಚಿ, ಭುಜ ಇಳಿಬಿಟ್ಟು, ಕೈಕಾಲು ಪೂರ್ತಿ ಸಡಿಲ ಮಾಡಿಕೊಂಡೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ಸ್ಪಿರಿಟ್ ವಾಸನೆ ಬಂತು. ಕಿವಿ ಗುಂಯ್ ಅಂದಿತು, ಅಂಗೈ ತಣ್ಣಗಾಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಗದ್ದ ಟೇಬಲ್ ಅಂಚಿಗೆ ಬಡಿದು ಮೂರು ಹೊಲಿಗೆ.

ಆ ಸಡಿಲ ಬಿಟ್ಟದ್ದೇ ನನ್ನ ತಪ್ಪು. ನನಗೆ ಆಗ ಯಾರೂ ಹೇಳಲಿಲ್ಲ, ಅದಕ್ಕೆ ನಿಮಗೆ ಬಿಡಿಸಿ ಹೇಳುತ್ತೇನೆ. ನಾಯಿಗೋ ಎತ್ತರಕ್ಕೋ ಹೆದರುವವರ ಎದೆಬಡಿತ, ಬಿಪಿ ಎರಡೂ ಏರುತ್ತವೆ. ಅವರು ಎಚ್ಚರ ತಪ್ಪೋದು ಅಪರೂಪ. ರಕ್ತದ ಭಯದಲ್ಲಿ ಹಾಗಲ್ಲ. ಬಿಪಿ ಮೊದಲು ಏರಿ, ಆಮೇಲೆ ದಿಢೀರ್ ಅಂತ ಕುಸಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ನಾವು ಬೀಳುತ್ತೇವೆ. ಕುಸಿಯುತ್ತಿರುವ ಬಿಪಿಗೆ ಮೈಯ ಬಿಗಿ ಬೇಕು. ನಾನು ಇದ್ದ ಬಿಗಿಯನ್ನೂ ಬಿಟ್ಟುಕೊಟ್ಟಿದ್ದೆ.

ಆಮೇಲೆ ಏಳು ವರ್ಷ ಲ್ಯಾಬ್ ಕಡೆ ತಲೆ ಹಾಕಲಿಲ್ಲ. ತಪ್ಪಿಸಿಕೊಂಡ ಪ್ರತಿ ಸಲ ಭಯ ಬಲಿಯಿತು. ಅಪ್ಪನ ಆಪರೇಷನ್‌ಗೆ ರಕ್ತ ಬೇಕಾದಾಗ ತಮ್ಮನ ಗೆಳೆಯ ಬಂದು ಕೊಟ್ಟ. ಅದೇ ಗುಂಪಿನ ರಕ್ತ ಇದ್ದ ನಾನು ಕಾರಿಡಾರಿನಲ್ಲಿ ನಿಂತಿದ್ದೆ. ಆ ವಾರವೇ ಕೌನ್ಸೆಲರ್ ಹತ್ತಿರ ಹೋದೆ.

ಅವರು ಕಲಿಸಿದ್ದು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ವಿಧಾನ. ತೋಳು, ಹೊಟ್ಟೆ, ತೊಡೆ ಬಿಗಿ ಹಿಡಿಯಬೇಕು, ಮುಖ ಬಿಸಿಯಾಗುವವರೆಗೆ, 10-15 ಸೆಕೆಂಡು. ಬಿಡಬೇಕು, ಆದರೆ ಪೂರ್ತಿ ಜೋತುಬೀಳಬಾರದು. 20-30 ಸೆಕೆಂಡು ಬಿಟ್ಟು ಮತ್ತೆ. ಹೀಗೆ ಐದು ಸಲ. ಮನೆಯಲ್ಲಿ ದಿನಾ ಮಾಡಿದೆ, ಆಮೇಲೆ ರಕ್ತದ ಫೋಟೋ ನೋಡುತ್ತಾ ಮಾಡಿದೆ, ಕೊನೆಗೆ ಲ್ಯಾಬ್‌ನಲ್ಲಿ. ಸೂಜಿ ಚುಚ್ಚುವ ಕೈ ಮಾತ್ರ ಸಡಿಲ ಇರಲಿ.

ಮನಸ್ಸು ಗಟ್ಟಿ ಇಲ್ಲ ಅಂತ ಸುಮ್ನೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಇದು ಮನೆತನದಲ್ಲೇ ಬರೋದು ಜಾಸ್ತಿ. ನಮ್ಮಮ್ಮನೂ ಹೀಗೇ ಬೀಳುತ್ತಿದ್ದರು. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಲ್ಯಾಬ್‌ಗೆ ಹೋದ ಕೂಡಲೇ ಹೇಳಿಬಿಡಿ: "ನಾನು ಬೀಳ್ತೀನಿ, ಮಲಗಿಸಿಯೇ ರಕ್ತ ತೆಗೀರಿ."